ಮನೆಗೇ ಬರೋ ಪ್ಯಾಲಿಯೇಟಿವ್ ಕೇರ್, ಅಕ್ಕನ ಕೊನೆಯ 4 ತಿಂಗಳು, ಮತ್ತೆ ನಾನು ಹಿಡ್ಕೊಂಡ ಒಂದು ಸ್ಟಾರ್

ಇದು ರಿವ್ಯೂನೇ, ಆದ್ರೆ ಉದ್ದ ಆಗುತ್ತೆ, ಪುರುಸೊತ್ತಿದ್ರೆ ಮಾತ್ರ ಓದಿ. ಪ್ಯಾಲಿಯೇಟಿವ್ ಕೇರ್ ಅಂದ್ರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡೋ ಆರೈಕೆ. ಸಂಸ್ಥೆ ಹೆಸರು ಹಾಕಲ್ಲ. ಹೊಗಳೋದೂ ಇದೆ ಬೈಯೋದೂ ಇದೆ, ಬೈದಿದ್ದನ್ನ ಓದಿ ಅಲ್ಲಿ ಒಳ್ಳೆ ಕೆಲಸ ಮಾಡಿದ ನಾಲ್ಕು ಜನಕ್ಕೆ ತೊಂದ್ರೆ ಆಗೋದು ಬೇಡ. ಇಂಥ ಸೇವೆ ತಗೊಳೋ ಮುಂಚೆ ಏನೇನು ಕೇಳಿ ತಿಳ್ಕೋಬೇಕು ಅಂತ ಗೊತ್ತಾದ್ರೆ ಸಾಕು.

ಅಕ್ಕಂಗೆ ಸ್ತನ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿತ್ತು. ಇನ್ನು ಕೀಮೋ ಕೊಟ್ರೆ ಕಾಯಿಲೆಗಿಂತ ಕೀಮೋನೇ ಜಾಸ್ತಿ ಗೋಳು ಹೊಯ್ಕೊಳುತ್ತೆ ಅಂತ ಆಸ್ಪತ್ರೆಯವರು ಹೇಳಿದ್ಮೇಲೆ ಈ ಸೇವೆಗೆ ಹೆಸರು ಕೊಟ್ವಿ. ನಮ್ಮನೇಲಿ ಅಮ್ಮ ದೊಡ್ಡ ಭಕ್ತೆ, ಅಕ್ಕ ಅವರ ಹಿಂದೇನೇ, ನಾನು ಮಾತ್ರ ಪರೀಕ್ಷೆ, ಇಂಟರ್ವ್ಯೂ, ರಿಪೋರ್ಟ್ ಬರೋ ದಿನ ಇಷ್ಟಕ್ಕೆ ದೇವರನ್ನ ನೆನೆಸ್ಕೊಳೋ ಪಾರ್ಟಿ. ಆಸ್ಪತ್ರೆಯಿಂದ ವಾಪಸ್ ಬಂದ ರಾತ್ರಿ ಮೂರು ಜನಾನೂ ಒಂದೇ ದೇವರ ಮೇಲೆ ಮೂರು ಥರ ಮುನಿಸ್ಕೊಂಡಿದ್ವಿ, ಯಾರೂ ಬಾಯಿ ಬಿಡ್ಲಿಲ್ಲ ಅಷ್ಟೇ.

ಮೊದಲ ದಿನ ಬಂದ ಸಿಸ್ಟರ್ ಒಂದು ಫಾರ್ಮ್ ತಂದಿದ್ರು. ನೋವು ಎಲ್ಲಿ, 0ಯಿಂದ 10ರಲ್ಲಿ ಎಷ್ಟು, ನಿದ್ದೆ ಬರುತ್ತಾ, ಮಲಬದ್ಧತೆ ಇದ್ಯಾ, ಹಿಂಗೆ ಹೋಗ್ತಾ ಹೋಗ್ತಾ ಎರಡನೇ ಪುಟದಲ್ಲಿ ಇದ್ದಕ್ಕಿದ್ದಂಗೆ "ನಿಮಗೆ ದೇವರಲ್ಲಿ ನಂಬಿಕೆ ಇದ್ಯಾ? ಈಗ ಅದ್ರಿಂದ ಬಲ ಸಿಗ್ತಿದ್ಯಾ, ಇಲ್ಲಾ ಅದೇ ನೋವು ಕೊಡ್ತಿದ್ಯಾ?" ಅಂತ ಇತ್ತು. ಇದೇನು ಮತ ಪ್ರಚಾರದವರಾ ಅಂತ ನಂಗೆ ಒಂದು ಕ್ಷಣ ಅನುಮಾನ ಬಂತು, ಕೇಳೇಬಿಟ್ಟೆ. ಅವರು ನಕ್ಕು, ಯಾವ ದೇವರು ಅಂತಾನೂ ನಾವು ಬರ್ಕೊಳಲ್ಲ ನೀವಾಗೇ ಹೇಳಿದ್ದು ಬಿಟ್ರೆ, ಅಂದ್ರು. ಆಮೇಲೆ ಓದಿ ತಿಳ್ಕೊಂಡಿದ್ದು, ಇದು ಯಾರೋ ಮನಸ್ಸಿಗೆ ಬಂದಂಗೆ ಸೇರಿಸಿದ ಪ್ರಶ್ನೆ ಅಲ್ಲ, ಕ್ರಿಸ್ಟಿನಾ ಪುಚಾಲ್ಸ್ಕಿ ಅನ್ನೋ ಅಮೆರಿಕದ ಡಾಕ್ಟರ್ 1990ರ ದಶಕದಲ್ಲಿ ರೋಗಿಗಳ ಹತ್ರ ಇದನ್ನ ಹೆಂಗೆ ಕೇಳ್ಬೇಕು ಅಂತ ಒಂದು ಕ್ರಮಾನೇ ಮಾಡಿದಾರೆ, ವಿಶ್ವ ಆರೋಗ್ಯ ಸಂಸ್ಥೆ ಪ್ಯಾಲಿಯೇಟಿವ್ ಕೇರ್ ಅಂದ್ರೆ ಏನು ಅಂತ ಹೇಳೋವಾಗ್ಲೂ ಮೈ, ಮನಸ್ಸು, ಸಂಸಾರದ ಜೊತೆ ಅಧ್ಯಾತ್ಮಾನೂ ಸೇರಿಸಿದೆ.

ಬಲಾನಾ ನೋವಾ ಅನ್ನೋದಕ್ಕೆ ಅಕ್ಕ ಎರಡೂ ಅಂತ ಬರೆಸಿದ್ಲು. ಅಮ್ಮ ಅಲ್ಲೇ ಇದ್ರು, ಮುಖ ಗಂಟು ಹಾಕ್ಕೊಂಡು ಒಳಗೆ ಹೋದ್ರು.

ಈಗ ಔಷಧಿ ವಿಷಯ, ಯಾಕಂದ್ರೆ ದೇವರ ವಿಷಯಕ್ಕೆ ಹೋಗೋ ದಾರೀಲಿ ಮೊದಲು ಸಿಗೋದು ಅದೇ. ಮಾರ್ಫಿನ್, ಅದೇ ಜೋರು ನೋವಿಗೆ ಕೊಡೋ ಔಷಧಿ, ಅಂದ ತಕ್ಷಣ ನಮ್ಮನೇಲಿ ದೊಡ್ಡ ಗಲಾಟೆ. ನಂಗೆ ಅದು ಚಟ ಆಗುತ್ತೆ ಅನ್ನೋ ಭಯ. ಅಮ್ಮಂದು ಬೇರೇನೇ, ಕರ್ಮ ಇಲ್ಲೇ ಅನುಭವಿಸಿ ಮುಗಿಸ್ಲಿ, ಮುಂದಕ್ಕೆ ಬಾಕಿ ಇಟ್ಕೊಂಡು ಹೋಗೋದು ಬೇಡ ಅಂತ. ಅಕ್ಕ ಮಲಗಿದ್ದಲ್ಲಿಂದಾನೇ "ಅನುಭವಿಸ್ತಿರೋಳು ನಾನು, ಲೆಕ್ಕ ಬರ್ಕೊಳೋದು ನೀನಾ ಅಮ್ಮ?" ಅಂದ್ಲು, ಅಲ್ಲಿಗೆ ಆ ವಾದ ಮುಗೀತು. ಡಾಕ್ಟರ್ ನಂಗೆ ಬಿಡಿಸಿ ಹೇಳಿದ್ರು, ಸಣ್ಣ ಡೋಸ್‌ನಿಂದ ಶುರು ಮಾಡಿ ನೋವು ನೋಡ್ಕೊಂಡು ಏರಿಸ್ತಾ ಹೋದ್ರೆ ಅದ್ರಿಂದ ಸಾವು ಬೇಗ ಬರಲ್ಲ, 4 ಗಂಟೆಗೊಂದ್ಸಲ ತಪ್ಪದೇ ಕೊಡಿ, ನೋವು ಬಂದ್ಮೇಲೆ ಕೊಡೋಣ ಅಂತ ಕಾಯ್ಬೇಡಿ, ವಾಕರಿಕೆ ಕೆಲವು ದಿನಕ್ಕೆ ಕಡಿಮೆ ಆಗುತ್ತೆ ಆದ್ರೆ ಮಲಬದ್ಧತೆ ಹೋಗಲ್ಲ ಅದಕ್ಕೆ ಮೊದಲ ದಿನದಿಂದಾನೇ ಬೇರೆ ಔಷಧಿ ಜೊತೇಲಿ ಹೋಗ್ಬೇಕು ಅಂತ. ಈ ಕೊನೆ ಮಾತನ್ನ ಯಾರೂ ಸಾಮಾನ್ಯವಾಗಿ ಹೇಳಲ್ಲ, ಇವರು ಹೇಳಿದ್ರು, ಅದಕ್ಕೇ ಒಂದು ಸ್ಟಾರ್.

ಐದನೇ ರಾತ್ರಿ ಅಕ್ಕ ಪೂರ್ತಿ ನಿದ್ದೆ ಮಾಡಿದ್ಲು. ಆಮೇಲೆ ನಂಗೆ ಹೇಳಿದ್ಲು, "ನೋವು ಜೋರಾಗಿದ್ದಾಗ ದೇವರೇ ಅಂತ ಕೂಗಿದ್ರೂ ಅದು ದೇವರನ್ನ ಕರೆದಂಗಲ್ಲ ಕಣೋ, ಬರೀ ಸದ್ದು." ನಾವು ನೋವು ಇಳಿದ್ರೆ ಇನ್ನು ಶಾಂತವಾಗಿ ಪ್ರಾರ್ಥನೆ ಮಾಡ್ತಾಳೆ ಅಂದ್ಕೊಂಡಿದ್ವಿ. ನೋವು ಇಳಿದ ಮಾರನೇ ದಿನ ಅವಳು ಶುರು ಮಾಡಿದ್ದು ಜಗಳ. ನಾನೇನು ಮಾಡಿದ್ದೆ ಅವನಿಗೆ, ದಿನಾ ಎದ್ದ ತಕ್ಷಣ ಅವನ ಹೆಸರು, ಮಲಗೋವಾಗ ಅವನ ಹೆಸರು, ಯಾರ ಮನೆ ಹಾಳು ಮಾಡಿದೀನಿ, ಕಲ್ಲಿಗೆ ಕೈ ಮುಗಿದ್ನಾ ಇಷ್ಟು ವರ್ಷ. ಅಮ್ಮ ಕಿವಿ ಮುಚ್ಕೊಂಡು, ಹಂಗೆಲ್ಲ ಅನ್ಬಾರ್ದು, ಇನ್ನೂ ಜಾಸ್ತಿ ಆಗುತ್ತೆ ಅಂತ ಅಳು.

ಈ ಹೊತ್ತಲ್ಲೇ ಸಂಸ್ಥೆಯಿಂದ ಒಬ್ಬರು ಮೇಡಂ ಬಂದಿದ್ದು. ಫಾರ್ಮಲ್ಲಿ ಇದಕ್ಕೆ ಆಧ್ಯಾತ್ಮಿಕ ಆರೈಕೆ ಅಂತ ಹೆಸರು, ವಾರಕ್ಕೊಂದ್ಸಲ. ವಯಸ್ಸಾದವರು, ಕೈಯಲ್ಲಿ ಪುಸ್ತಕ ಇಲ್ಲ, ಹೆಗಲಲ್ಲಿ ಒಂದು ಖಾಲಿ ಬ್ಯಾಗ್ ಅಷ್ಟೇ. ನಾನು ಬಾಗಿಲ ಹತ್ರಾನೇ ನಿಂತಿದ್ದೆ, ಉಪದೇಶ ಶುರು ಆದ್ರೆ ಕಳಿಸಿಬಿಡೋಣ ಅಂತ. ಮುಕ್ಕಾಲು ಗಂಟೆ ಕೂತಿದ್ರು. ಅಕ್ಕ ಎಲ್ಲಾ ಕಕ್ಕಿದ್ಲು. ಅವರು ಉತ್ತರ ಕೊಡ್ಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದ್ದು, "ಇದನ್ನೆಲ್ಲ ಅವನ ಹತ್ರಾನೇ ಹೇಳಿದೀರಾ?"

ಅಕ್ಕ, "ಇಲ್ಲ, ಭಯ."

"ಹೇಳದೇ ಇದ್ರೆ ಅವನಿಗೆ ಗೊತ್ತಾಗಲ್ಲ ಅಂತಾನಾ?"

ಅಕ್ಕ ನಕ್ಕಳು. ಎಷ್ಟೋ ವಾರ ಆಗಿತ್ತು ಆ ನಗು ಕೇಳಿ.

ದೇವರ ಪರ ವಕಾಲತ್ತು ಮಾಡೋಕೆ ಮನೆಗೆ ಬರೋ ಜನಕ್ಕೆ ಕಮ್ಮಿ ಇಲ್ಲ ನೋಡಿ, ಕಾಯಿಲೆ ಗೊತ್ತಾದ ದಿನದಿಂದ ಸಾಲುಗಟ್ಟಿ ಬಂದಿದ್ರು. ಅವನು ಇಷ್ಟ ಪಡೋರಿಗೇ ಕಷ್ಟ ಕೊಡೋದು, ಎಲ್ಲಾ ಒಳ್ಳೇದಕ್ಕೇ, ನಂಬಿಕೆ ಗಟ್ಟಿ ಇದ್ರೆ ಗೆಡ್ಡೆ ಕರಗುತ್ತೆ. ಈ ಕೊನೇದು ಇದ್ಯಲ್ಲ, ಇದರಷ್ಟು ಕ್ರೂರವಾದ ಮಾತು ನಾನು ಕೇಳಿಲ್ಲ, ಕರಗದೇ ಹೋದ್ರೆ ನಿನ್ನ ನಂಬಿಕೇಲೇ ಖೋಟಾ ಇತ್ತು ಅಂತ ತಾನೆ ಅರ್ಥ. ಇದು ಬರೀ ಮನಸ್ಸಿಗೆ ನೋವು ಮಾಡೋ ಮಾತಲ್ಲ. ಕೆನೆತ್ ಪಾರ್ಗಮೆಂಟ್ ಅಂತ ಮನಶ್ಶಾಸ್ತ್ರಜ್ಞರು, ಅವರು ಮತ್ತೆ ಜೊತೆಯವರು ಆಸ್ಪತ್ರೆ ಸೇರಿದ್ದ 55 ದಾಟಿದ 596 ಜನರನ್ನ 2 ವರ್ಷ ಗಮನಿಸಿ 2001ರಲ್ಲಿ ಪ್ರಕಟ ಮಾಡಿದ್ರು: ದೇವರು ನನ್ನ ಕೈ ಬಿಟ್ಟ, ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತೆಲ್ಲ ಒಳಗೇ ಕೊರಗ್ತಿದ್ದವರಲ್ಲಿ ಸಾಯೋ ಸಾಧ್ಯತೆ 19ರಿಂದ 28 ಪರ್ಸೆಂಟ್ ಜಾಸ್ತಿ ಕಂಡುಬಂತು. ಕೊರಗಿಂದಾನೇ ಸತ್ರು ಅಂತ ಇದರಿಂದ ಹೇಳೋಕೆ ಬರಲ್ಲ, ನಿಜ. ಆದ್ರೆ ಕಾಯಿಲೆ ಬಿದ್ದವರ ತಲೆ ದಿಂಬಿನ ಹತ್ರ ನಿಂತು ಇದು ನಿನಗೆ ಶಿಕ್ಷೆ ಅನ್ನೋ ಅರ್ಥ ಬರೋ ಮಾತಾಡೋರು ಈ ಲೆಕ್ಕ ಒಂದ್ಸಲ ನೋಡ್ಲಿ.

ಬೈಬಲ್ಲಲ್ಲಿ ಬರೋ ಯೋಬನ ಕಥೆ ನಂಗೆ ಅರ್ಧಂಬರ್ಧ ಗೊತ್ತಿತ್ತು, ಮೇಡಂ ಒಂದಿನ ಹೊರಗೆ ಚಪ್ಪಲಿ ಹಾಕ್ಕೊಳೋವಾಗ ಹೇಳಿದ್ರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡವನ ಹತ್ರ ಮೂರು ಜನ ಸ್ನೇಹಿತರು ಬರ್ತಾರೆ, 7 ಹಗಲು 7 ರಾತ್ರಿ ಒಂದು ಮಾತೂ ಆಡ್ದೇ ಅವನ ಜೊತೆ ನೆಲದ ಮೇಲೆ ಕೂತಿರ್ತಾರೆ. ಅಲ್ಲೀವರೆಗೆ ಚೆನ್ನಾಗೇ ಇತ್ತಂತೆ. ಆಮೇಲೆ ಬಾಯಿ ತೆಗೆದು, ನೀನೇನೋ ಪಾಪ ಮಾಡಿರ್ಬೇಕು ಅಂತ ಶುರು ಹಚ್ಕೊತಾರೆ. ಯೋಬ ದೇವರನ್ನೇ ಎದುರು ಹಾಕ್ಕೊಂಡು ನ್ಯಾಯ ಕೇಳ್ತಾನೆ, ಕಥೆ ಮುಗಿಯೋವಾಗ ದೇವರು ಸಿಟ್ಟಾಗೋದು ತನ್ನ ಪರ ಮಾತಾಡಿದ ಸ್ನೇಹಿತರ ಮೇಲೆ, ಕೂಗಾಡಿದ ಯೋಬನೇ ನನ್ನ ಬಗ್ಗೆ ಸರಿಯಾಗಿ ಮಾತಾಡಿದ್ದು ಅಂತಾನೆ. "ನಾನು ಮೊದಲ ಏಳು ದಿನದ ಸ್ನೇಹಿತೆ ಆಗಿರೋಕೆ ಸಂಬಳ ತಗೋತೀನಿ" ಅಂದ್ರು ಮೇಡಂ. ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ರು ಅಂತ ನಂಗೆ ಆಮೇಲೆ ಗೊತ್ತಾಯ್ತು.

ಅವತ್ತು ಸಂಜೆ ಅಕ್ಕ ಮತ್ತೆ ಜೋರಾಗಿ ದೇವರಿಗೆ ಬೈತಿದ್ಲು, ಈ ಸಲ ಅಮ್ಮ ಕಿವಿ ಮುಚ್ಕೊಳ್ಲಿಲ್ಲ, ಕಾಲು ಒತ್ತುತ್ತಾ ಕೂತಿದ್ರು. ನಾನು ಏನಮ್ಮ ಸುಮ್ನಿದೀಯ ಅಂದೆ. "ಬೈತಾಳಲ್ಲ, ಎದುರಿಗೆ ಯಾರೂ ಇಲ್ಲ ಅಂದ್ರೆ ಬೈತಿದ್ಲಾ?" ಅಂದ್ರು.

ಈ ಒಂದು ಮೇಡಂಗೋಸ್ಕರ ಎರಡು ಸ್ಟಾರ್.

ಈಗ ಬೈಯೋದು. ಮೂರನೇ ತಿಂಗಳು ಮೇಡಂ ಎರಡು ವಾರ ರಜೆ ಹೋದ್ರು, ಬದಲಿಗೆ ಒಬ್ಬರನ್ನ ಕಳಿಸಿದ್ರು. ಒಳ್ಳೆ ಮನುಷ್ಯನೇ ಇರ್ಬೋದು, ಆದ್ರೆ ಬಂದು ಕೂತ ಐದು ನಿಮಿಷಕ್ಕೆ ಕುಂತಿ ಕಥೆ. ಭಾಗವತದಲ್ಲಿ ಕುಂತಿ ಕೃಷ್ಣನ ಹತ್ರ ನಮಗೆ ಕಷ್ಟಗಳು ಬರ್ತಾನೇ ಇರ್ಲಿ, ಆಗ ತಾನೆ ನಿನ್ನ ದರ್ಶನ ಆಗೋದು ಅಂತ ಕೇಳ್ಕೋತಾಳಲ್ಲ, ಹಂಗೆ ನೀವೂ ಈ ಕಷ್ಟಾನ ವರ ಅಂದ್ಕೊಳಿ ಅಂತ. ನಾನು ಅಕ್ಕ ಸಿಡೀತಾಳೆ ಅಂದ್ಕೊಂಡೆ, ಸಿಡಿದಿದ್ದು ಅಮ್ಮ. ಆ ಭಾಗವತಾನ ಅಮ್ಮ ಎಷ್ಟು ಸಲ ಓದಿದಾರೋ. "ಸ್ವಾಮಿ, ಕುಂತಿ ಅದನ್ನ ಕೇಳಿದ್ದು ಯುದ್ಧ ಎಲ್ಲಾ ಮುಗಿದು ಕೃಷ್ಣ ಊರಿಗೆ ಹೊರಟಾಗ. ಅದೂ ತನ್ನ ಬಾಯಿಂದ ತನಗೆ ಅಂತ ಕೇಳ್ಕೊಂಡ್ಲು. ಬೇರೆಯವರ ಮಂಚದ ಹತ್ರ ಹೋಗಿ ನಿಂಗೆ ಬಂದಿರೋದು ವರ ಅನ್ಲಿಲ್ಲ." ಆ ಮನುಷ್ಯ ತಲೆ ತಗ್ಗಿಸಿ ಹೋದ್ರು, ಪಾಪ. ಎರಡನೇ ವಾರ ನಾವೇ ಬೇಡ ಅಂದ್ವಿ. ಬದಲಿಗೆ ಬರೋರಿಗೆ ತರಬೇತಿ ಆಗಿದ್ಯಾ ಅಂತ ಮೊದಲೇ ಕೇಳಿ ಇಟ್ಕೊಳಿ, ನಾವು ಕೇಳಿರ್ಲಿಲ್ಲ.

ರಾತ್ರಿ ಫೋನ್ ಇನ್ನೊಂದು ಗೋಳು. 24 ಗಂಟೆ ಅಂತ ಕಾರ್ಡಲ್ಲಿ ದಪ್ಪ ಅಕ್ಷರದಲ್ಲಿದೆ. ಒಂದು ರಾತ್ರಿ ಅಕ್ಕಂಗೆ ಮಧ್ಯದಲ್ಲೇ ನೋವು ಎದ್ದು, ಅಂಥ ಟೈಮಿಗೆ ಅಂತ ಕೊಟ್ಟಿದ್ದ ಹೆಚ್ಚುವರಿ ಡೋಸ್ ಎಷ್ಟು ಸಲ ಕೊಡ್ಬೋದು ಅಂತ ಮರೆತುಹೋಗಿ ಫೋನ್ ಮಾಡಿದ್ರೆ ಅದನ್ನೊತ್ತಿ ಇದನ್ನೊತ್ತಿ ಅಂತ ಮೆಷಿನ್ನು, ಮನುಷ್ಯರ ದನಿ ಕೇಳೋಕೆ ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ನಾನು ದೇವರಿಗೆ ಏನೇನು ಅಂದೆ ಅಂತ ಇಲ್ಲಿ ಬರೆದ್ರೆ ರಿವ್ಯೂ ತೆಗೆದುಹಾಕ್ತಾರೆ. ಮಾರನೇ ದಿನ ಸಿಸ್ಟರ್ ಬಂದು ಕ್ಷಮೆ ಕೇಳಿ, ಡೋಸ್ ಎಲ್ಲಾ ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಮೇಲಿನ ಗೋಡೆಗೆ ಅಂಟಿಸಿದ್ರು. ಮೊದಲ ದಿನಾನೇ ಅಂಟಿಸ್ಬಹುದಿತ್ತು.

ಅವರ ಒಂದು ಕೈಪಿಡೀನೂ ಇತ್ತು, ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಕೊಳೋದು ಅಂತ ಐದು ಹಂತ ಬಸ್ ಸ್ಟಾಪ್ ಥರ ಸಾಲಾಗಿ. ಎಲಿಸಬೆತ್ ಕೂಬ್ಲರ್ ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಸಾಯ್ತಿರೋ ರೋಗಿಗಳ ಜೊತೆ ಮಾತಾಡಿ ಬರೆದಿದ್ದು ಇದು. ನಮ್ಮನೇಲಿ ಐದೂ ಒಂದೇ ಮಧ್ಯಾಹ್ನ ಬಂದು ಹೋಗ್ತಿದ್ವು, ಒಬ್ಬೊಬ್ಬರಿಗೆ ಒಂದೊಂದು. ಕೈಪಿಡಿಗೆ ಸ್ಟಾರ್ ಇಲ್ಲ.

ಅದೇ ಕೈಪಿಡೀಲಿ ಸಿಸಿಲಿ ಸಾಂಡರ್ಸ್ ಬಗ್ಗೆ ಒಂದು ಪುಟ ಇತ್ತು, ಅದು ಓದಿಸ್ಕೊಂಡು ಹೋಯ್ತು. ನರ್ಸ್ ಆಗಿ, ಆಮೇಲೆ ಆಸ್ಪತ್ರೆ ಸಮಾಜ ಕಾರ್ಯಕರ್ತೆ ಆಗಿ, ಸಾಯೋರ ನೋವಿಗೆ ಏನಾದ್ರೂ ಮಾಡ್ಬೇಕು ಅಂತ ಮತ್ತೆ ಓದಿ ಡಾಕ್ಟರ್ ಆದೋರು, ತಾವೂ ದೈವಭಕ್ತೆ, 1967ರಲ್ಲಿ ಲಂಡನ್ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದ್ರೆ ಸಾಯ್ತಿರೋರನ್ನ ನೋಡ್ಕೊಳೋ ಜಾಗ, ಶುರು ಮಾಡಿದ್ರು. ಅದಕ್ಕೆ ಮೂಲ ಡೇವಿಡ್ ಟಾಸ್ಮಾ ಅನ್ನೋ ಪೋಲೆಂಡಿನ ಯಹೂದಿ ರೋಗಿ, 1948ರಲ್ಲಿ ತೀರ್ಕೊಂಡ್ರು, ಹೋಗೋ ಮುಂಚೆ 500 ಪೌಂಡ್ ಇವರಿಗೆ ಬರೆದಿಟ್ಟು ನಿಮ್ಮ ಮನೇಲಿ ನಾನೊಂದು ಕಿಟಕಿ ಆಗಿರ್ತೀನಿ ಅಂದಿದ್ರಂತೆ. ಕಿಟಕಿಗೆ ಮನೆ ಕಟ್ಟೋಕೆ 19 ವರ್ಷ ಹಿಡೀತು. ಸಾಂಡರ್ಸ್ 2005ರಲ್ಲಿ ತೀರ್ಕೊಂಡಿದ್ದೂ ತಾವು ಕಟ್ಟಿದ ಅದೇ ಹಾಸ್ಪಿಸಲ್ಲಿ. ಅಕ್ಕಂಗೆ ಇದನ್ನ ಓದಿ ಹೇಳಿದಾಗ ಅವಳು ಕೇಳಿದ್ದು, "ಆ ಮನುಷ್ಯಂಗೆ ಕೊನೆಗೆ ನಂಬಿಕೆ ಇತ್ತಂತಾ?" ಪುಟದಲ್ಲಿ ಬರೆದಿರ್ಲಿಲ್ಲ. ಕಿಟಕಿ ಕೇಳ್ದೋನಿಗೆ ಇದ್ದಿರುತ್ತೆ ಬಿಡು ಅಂದ್ಲು ಅವಳೇ.

ನಾಲ್ಕನೇ ತಿಂಗಳು ಅಕ್ಕ ಊಟ ಬಿಡ್ತಾ ಬಂದ್ಲು. ಅಮ್ಮ ಡಾಕ್ಟರನ್ನ ಹಿಡ್ಕೊಂಡು ನೇರವಾಗಿ ಕೇಳಿದ್ರು, "ಪವಾಡ ಆಗೋದುಂಟಾ?" ನಾನು ಉಸಿರು ಹಿಡಿದೆ, ಏನು ಹೇಳಿದ್ರೂ ಕಷ್ಟ. "ಆದ್ರೆ ನನಗಿಂತ ಖುಷಿ ಪಡೋರು ಯಾರೂ ಇಲ್ಲಮ್ಮ. ನೀವು ಅದನ್ನ ಕೇಳ್ತಾ ಇರಿ. ಆಗದೇ ಹೋದ್ರೂ ಇವರಿಗೆ ಉರಿ, ನೋವು, ಉಸಿರುಕಟ್ಟೋದು ಇರ್ಬಾರ್ದು, ಅದು ನನ್ನ ಕೆಲಸ, ನಾನು ಮಾಡ್ತಾ ಇರ್ತೀನಿ." ಕೇಳಬೇಡಿ ಅನ್ಲಿಲ್ಲ, ಆಗುತ್ತೆ ಅಂತಾನೂ ಅನ್ಲಿಲ್ಲ. ಊಟ ಬಿಟ್ಟಿದ್ದರಿಂದ ಸಾವು ಬರ್ತಿರೋದಲ್ಲ, ಮೈ ನಿಲ್ತಾ ಬಂದಿರೋದ್ರಿಂದ ಊಟ ಸೇರ್ತಿಲ್ಲ, ಬಲವಂತ ಮಾಡ್ಬೇಡಿ, ತುಟಿ ಬಾಯಿ ಒದ್ದೆ ಮಾಡ್ತಾ ಇರಿ ಅಂತಾನೂ ಹೇಳಿದ್ರು. ಅಮ್ಮಂಗೆ ಕೈಗೊಂದು ಕೆಲಸ ಸಿಕ್ತು. ಒದ್ದೆ ಬಟ್ಟೆ ಹಿಡ್ಕೊಂಡು ತುಟಿ ಒರೆಸೋದು, ಬಾಯಲ್ಲಿ ದೇವರ ಹೆಸರು, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಲ್ಲ.

ಕೊನೇ ರಾತ್ರಿ ಏನೇನಾಗುತ್ತೆ ಅಂತ ಸಿಸ್ಟರ್ ಮೊದಲೇ ಹೇಳಿದ್ರು, ಕೈಕಾಲು ತಣ್ಣಗಾಗೋದು, ಉಸಿರು ನಿಂತು ನಿಂತು ಬರೋದು, ಗಂಟಲಲ್ಲಿ ಗೊರಗೊರ ಅನ್ನೋದು, ಆ ಸದ್ದು ಕೇಳೋರಿಗೆ ಹಿಂಸೆ, ಅವರಿಗೆ ಅದು ಹೆಚ್ಚಾಗಿ ತಿಳಿಯಲ್ಲ ಅಂತ. ಹೇಳಿರದೇ ಇದ್ದಿದ್ರೆ ನಾನು ಆಂಬ್ಯುಲೆನ್ಸ್ ಕರೆದು ಎಲ್ಲಾ ಕೆಡಿಸ್ತಿದ್ದೆ. ಮಾತಾಡ್ತಾ ಇರಿ, ಕಿವಿಗೆ ಬೀಳ್ತಿರ್ಬೋದು ಅಂತಾನೂ ಅಂದಿದ್ರು. ಸಮಾಧಾನಕ್ಕೆ ಹೇಳೋ ಮಾತು ಅಂದ್ಕೊಂಡಿದ್ದೆ, ಆದ್ರೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಹಾಸ್ಪಿಸ್ ರೋಗಿಗಳ ತಲೆಗೆ ಇಇಜಿ, ಅಂದ್ರೆ ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯೋ ಯಂತ್ರ, ಇಟ್ಟು ನೋಡಿ 2020ರಲ್ಲಿ ಬರೆದಿದಾರೆ, ಕಣ್ಣು ಬಿಡ್ದೇ ಇದ್ದ ಕೆಲವರ ಮೆದುಳು ಕೊನೆ ಗಂಟೆಗಳಲ್ಲೂ ಸದ್ದಿಗೆ ಸ್ಪಂದಿಸ್ತಿತ್ತು ಅಂತ.

ಅಮ್ಮ ಅಕ್ಕನ ಕಿವಿ ಹತ್ರ ಬಾಯಿ ಇಟ್ಟು ರಾತ್ರಿಯೆಲ್ಲಾ ಪ್ರಾರ್ಥನೆ ಮಾಡಿದ್ರು. ನಾಲ್ಕು ತಿಂಗಳಿಂದ ವಾಸಿ ಮಾಡಪ್ಪ, ವಾಸಿ ಮಾಡಪ್ಪ ಅಂತ ಇದ್ದಿದ್ದು ಯಾವಾಗಲೋ ಕೈ ಹಿಡ್ಕೊಳಪ್ಪ ಅಂತ ಆಗಿತ್ತು. ಯಾವ ಹೊತ್ತಿಗೆ ಬದಲಾಯ್ತು ಅಂತ ನಾನು ಗಮನಿಸ್ಲಿಲ್ಲ, ಅಮ್ಮಂಗೂ ಗೊತ್ತಿಲ್ಲ. ಬೆಳಗಿನ ಜಾವ ಎರಡು ಉಸಿರಿನ ನಡುವೆ ಅಂತರ ಜಾಸ್ತಿ ಆಗ್ತಾ ಆಗ್ತಾ ಮುಂದಿನದು ಬರ್ಲೇ ಇಲ್ಲ.

ನಂದು ಹೇಳ್ಬೇಕಂದ್ರೆ, ನಂಬಿಕೆ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಮುಂಚೆ ರಿಪೋರ್ಟ್ ಬರೋ ದಿನ ಮಾತ್ರ ಮಾತಾಡಿಸ್ತಿದ್ದೆ, ಈಗ ದಿನಾ ಮಾತಾಡಿಸ್ತೀನಿ, ಸುಮಾರು ದಿನ ಬೈಗುಳಾನೇ. ಅಕ್ಕನ ಹತ್ರ ಕಲಿತಿದ್ದು.

ಮೇಡಂ ತಿಂಗಳಾದ್ಮೇಲೆ ಬಂದಿದ್ರು, ಅದೂ ಸೇವೇಲಿ ಸೇರಿದೆ, ಸಾವಿನ ನಂತರ ಮನೆಯವರನ್ನ ವಿಚಾರಿಸೋದು. ಅಮ್ಮ ಅವರನ್ನ ಕೇಳಿದ್ರು, ಕೊನೆಗೆ ಅವಳು ದೇವರ ಜೊತೆ ರಾಜಿ ಆದ್ಲಾ ಅಂತ. "ಅದು ಅವರಿಬ್ಬರ ಮಧ್ಯದ್ದು ಅಮ್ಮ, ನಾನು ಕೇಳ್ಲಿಲ್ಲ" ಅಂದ್ರು. ಆಯ್ತು ರಾಜಿ ಆದ್ಲು ಅಂತ ಒಂದು ಸುಳ್ಳು ಹೇಳಿ ಎದ್ದು ಹೋಗೋದು ಎಷ್ಟು ಸುಲಭ ಇತ್ತು. ಅಮ್ಮ ತುಂಬಾ ಹೊತ್ತು ಅವರ ಕೈ ಬಿಡ್ಲಿಲ್ಲ.

ಇಲ್ಲೀವರೆಗೆ ಕೂಡಿಸಿದ್ರೆ ಔಷಧಿಗೆ ಒಂದು, ಮೇಡಂಗೆ ಎರಡು, ಪವಾಡದ ಮಾತಿಗೆ ಉತ್ತರ ಕೊಟ್ಟ ಡಾಕ್ಟರಿಗೆ ಒಂದು, ಒಟ್ಟು ನಾಲ್ಕು. ಐದನೇದನ್ನ ಹಿಡ್ಕೊಂಡಿದ್ದು ರಾತ್ರಿ ಫೋನಿಗೋ ಬದಲಿ ಮನುಷ್ಯಂಗೋ ಅಲ್ಲ. ಅಕ್ಕ ಹೋಗಿ ಸರಿಯಾಗಿ ಹನ್ನೆರಡು ದಿನಕ್ಕೆ ನನ್ನ ಮೊಬೈಲಿಗೆ ಅವರ ಕಂಪ್ಯೂಟರಿಂದ ಒಂದು ಮೆಸೇಜ್ ಬಂತು, ಅವಳ ಹೆಸರು ಹಾಕಿ, ನಮ್ಮ ಸೇವೆ ಪಡೆದಿದ್ದಕ್ಕೆ ಧನ್ಯವಾದ, ರೋಗಿ ಈಗ ಹೇಗಿದ್ದಾರೆ, ಚೆನ್ನಾಗಿದ್ದರೆ 1 ಒತ್ತಿ, ಹಾಗೇ ಇದ್ದರೆ 2, ಹದಗೆಟ್ಟಿದ್ದರೆ 3. ಹೆಸರು ತೆಗೆಯೋಕೆ ಹನ್ನೆರಡು ದಿನ ಸಾಲಲ್ವಾ ಇವರಿಗೆ? ಮೈಯೆಲ್ಲಾ ಉರಿದು ಫೋನ್ ಮಾಡಿ ಜಾಡಿಸೋಣ ಅಂತ ಎದ್ದೆ, ಅಮ್ಮ ಏನದು ಅಂದ್ರು, ಮುಚ್ಚಿಡೋಕೆ ಹೋದ್ರೆ ಬಿಡ್ಲಿಲ್ಲ, ಓದಿ ಹೇಳ್ದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಒಂದು ಒತ್ತು" ಅಂದ್ರು.